ಊಟದ ಸಾಲಿನಲ್ಲಿ ಸಿಕ್ಕ ದೋಷ

2009ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಆರಂಭವಾದ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಬಳಕೆದಾರರು ಸೇರುವ ಪೈಕಾನ್ ಇಂಡಿಯಾ ಸಮ್ಮೇಳನವು ಕೋವಿಡ್‌ನಿಂದಾಗಿ 2020 ಮತ್ತು 2021ರಲ್ಲಿ ಆನ್‌ಲೈನ್‌ನಲ್ಲೇ ನಡೆಯಿತು. ಆಗಿನ ಉಪನ್ಯಾಸಗಳನ್ನು ನಾನು ಮನೆಯಲ್ಲಿ, ಕುಕ್ಕರ್ ಸೀಟಿಗಳ ನಡುವೆ, ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ ಮುಗಿಸಿದ್ದೆ. ವಿಷಯವೇನೋ ತಿಳಿಯಿತು, ಕೋಡ್ ಬರೆಯಬೇಕೆಂಬ ಉಮೇದು ಮಾತ್ರ ಹುಟ್ಟಲಿಲ್ಲ.

ಆ ಉಮೇದು ಮರಳಿದ್ದು 2024ರ ಸೆಪ್ಟೆಂಬರ್‌ನಲ್ಲಿ, ಆ ವರ್ಷದ ಸಮ್ಮೇಳನ ನಡೆದ ನಿಮ್ಹಾನ್ಸ್ ಸಮಾವೇಶ ಕೇಂದ್ರದ ಊಟದ ಸಾಲಿನಲ್ಲಿ. ಪದಗಳನ್ನು ಹಿಂದುಮುಂದು ಮಾಡುವ, ಪೈಥಾನ್‌ನಲ್ಲಿ ಬರೆದ ನನ್ನದೊಂದು ಸಣ್ಣ ಆಟದ ಬಗ್ಗೆ ಗೆಳೆಯನಿಗೆ ಹೇಳುತ್ತಿದ್ದಾಗ, ಹಿಂದೆ ನಿಂತಿದ್ದ ಯುವತಿಯೊಬ್ಬರು, "ಸರ್, ಯಾವ ಪದ ಕೊಟ್ಟು ಪರೀಕ್ಷಿಸಿದ್ದೀರಿ?" ಎಂದು ಕೇಳಿದರು. 'ಕನ್ನಡ' ಎಂದೆ. "ಒಮ್ಮೆ 'ಅಕ್ಷರ' ಕೊಟ್ಟು ನೋಡಿ" ಎಂದು ನಕ್ಕರು.

ಪೈಥಾನ್ ನಮ್ಮ ಹಾಗೆ ಅಕ್ಷರಗಳನ್ನು ಎಣಿಸುವುದಿಲ್ಲ, ಕಂಪ್ಯೂಟರ್‌ಗಾಗಿ ಪ್ರತಿ ಲಿಪಿಚಿಹ್ನೆಗೂ ಗೊತ್ತುಮಾಡಿರುವ ಯೂನಿಕೋಡ್ ಸಂಕೇತಗಳನ್ನು ಎಣಿಸುತ್ತದೆ. ಅದರ ಲೆಕ್ಕದಲ್ಲಿ 'ಕನ್ನಡ' ಎಂದರೆ ಕ, ನ, ಹಲಂತ (ವ್ಯಂಜನದ 'ಅ'ಕಾರವನ್ನು ತೆಗೆಯುವ ಚಿಹ್ನೆ), ನ, ಡ ಎಂಬ ಐದು ಸಂಕೇತಗಳು. ಒತ್ತು ಸಜಾತೀಯವಾದ್ದರಿಂದ ತಿರುಗಿಸಿದರೂ 'ಡನ್ನಕ' ಎಂದು ಸರಿಯಾಗಿಯೇ ಬರುತ್ತದೆ. 'ಅಕ್ಷರ'ವನ್ನು ತಿರುಗಿಸಿದರೆ ಮಾತ್ರ 'ರಕ್ಷಅ' ಆಗುವ ಬದಲು 'ರಷ್ಕಅ' ಆಗುತ್ತದೆ. ತಿಂಗಳುಗಟ್ಟಲೆ ನನ್ನ ದೋಷವನ್ನು ಮುಚ್ಚಿಟ್ಟಿದ್ದು ನಾನೇ ಅಭಿಮಾನದಿಂದ ಆರಿಸಿದ್ದ ಆ ಪದ!

ತಟ್ಟೆಗಳನ್ನು ಪಕ್ಕಕ್ಕಿಟ್ಟು ಮೂವರೂ ಮೆಟ್ಟಿಲ ಮೇಲೆ ಕುಳಿತು, ಹಲಂತದ ನಂತರ ಬರುವ ವ್ಯಂಜನವನ್ನೂ ಅದರ ಸ್ವರಚಿಹ್ನೆಯನ್ನೂ ಹಿಂದಿನ ವ್ಯಂಜನಕ್ಕೇ ಅಂಟಿಸುವ ನಿಯಮ ಬರೆದೆವು. ಮಧ್ಯಾಹ್ನದ ಮೊದಲ ಉಪನ್ಯಾಸ ತಪ್ಪಿತು. ಅದರ ವಿಡಿಯೊವನ್ನು ಆಮೇಲೆ ನೋಡಬಹುದು, ಮೆಟ್ಟಿಲ ಮಾತಿಗೆ ವಿಡಿಯೊ ಇರುವುದಿಲ್ಲ.

ಇಂತಹ ಸಮ್ಮೇಳನಗಳಲ್ಲಿ ಬಾಯಿ ತೆರೆದ ವೃತ್ತದಂತಿರುವ ವಿಡಿಯೊ ಗೇಮ್ ಪಾತ್ರದ ಹೆಸರಿನ 'ಪ್ಯಾಕ್‌ಮನ್ ನಿಯಮ' ಎಂಬುದೊಂದು ಪ್ರಚಲಿತವಾಗಿದೆ: ಗುಂಪಾಗಿ ನಿಂತು ಮಾತನಾಡುವಾಗ, ಹೊಸಬರು ಬಂದು ಸೇರಿಕೊಳ್ಳಲು ಒಬ್ಬರಿಗಾಗುವಷ್ಟು ಜಾಗವನ್ನು ಸದಾ ತೆರೆದಿಡಬೇಕು. ಮೊದಲು ಇದು ನನಗೆ ಅತಿ ಶಿಸ್ತಾಗಿ ಕಂಡಿತ್ತು, ಆ ಯುವತಿ ನಮ್ಮ ಮಾತಿಗೆ ಸೇರಿಕೊಂಡ ಮೇಲೆ ಅದರ ಬೆಲೆ ತಿಳಿಯಿತು. ಆನ್‌ಲೈನ್ ಸಮ್ಮೇಳನದ ಚಾಟ್ ಕಿಟಕಿಯಲ್ಲಿ ಪ್ರಶ್ನೆಯನ್ನು ಪೂರ್ತಿ ರೂಪಿಸಿ ಟೈಪ್ ಮಾಡಬೇಕಾಗಿದ್ದರೆ ನನ್ನ ಆ ಸಂಭಾಷಣೆ ಶುರುವಾಗುತ್ತಲೇ ಇರಲಿಲ್ಲ, ಏಕೆಂದರೆ ಕೇಳಲು ನನ್ನ ಬಳಿ ಪ್ರಶ್ನೆಯೇ ಇರಲಿಲ್ಲ.

ಅಂದು ಸಂಜೆ ಮನೆಗೆ ಮರಳುವಾಗ ಬಸ್ಸಿನಲ್ಲೇ ಲ್ಯಾಪ್‌ಟಾಪ್ ತೆರೆದು, ಪರೀಕ್ಷೆಯ ಪದಗಳಿಗೆ 'ಸ್ತ್ರೀ'ಯನ್ನು ಸೇರಿಸಿದೆ. ನಮಗೆ ಒಂದೇ ಅಕ್ಷರವಾದ ಅದು ಪೈಥಾನ್‌ಗೆ ಆರು.