ಎದೆಗೆ ಬ್ಯಾಟರಿ ಕೂರಿಸಿದ ಮೇಲೆ ಕಾಲಿನ ಕೆಲಸ

ನಾನು ದಾವಣಗೆರೆಯಲ್ಲಿ ಫಿಸಿಯೋಥೆರಪಿಸ್ಟ್. ಹಾರ್ಟ್ ಫೇಲ್ಯೂರ್ (ಹೃದಯ ಸಾಕಷ್ಟು ರಕ್ತ ಪಂಪ್ ಮಾಡಲಾರದ ಕಾಯಿಲೆ) ಆಗಿ ಪೇಸ್‌ಮೇಕರ್ ಹಾಕಿಸಿಕೊಂಡವರನ್ನು ಮತ್ತೆ ನಡೆಸುವುದು ನನ್ನ ಕೆಲಸದಲ್ಲಿ ಒಂದು. ಹಳ್ಳಿ ಕಡೆಯವರು "ಎದೆಗೆ ಬ್ಯಾಟರಿ ಕೂರಿಸಿದಾರೆ" ಅನ್ನುತ್ತಾರೆ. ಇವರನ್ನು "ದಮ್ಮು ಹತ್ತುತ್ತಾ?" ಅಂತ ಕೇಳಿ, ಬಂದ ಉತ್ತರವನ್ನು ಹಾಗೇ ಬರೆದುಕೊಂಡರೆ ಏನೂ ತಿಳಿಯುವುದಿಲ್ಲ.

ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಬಂದಿದ್ದರು. "ಏನೂ ತ್ರಾಸಿಲ್ಲ ಮೇಡಂ, ಆರಾಮ್ ಅದೀನಿ" ಅಂದರು. ಪಕ್ಕದಲ್ಲಿದ್ದ ಅವರ ಮನೆಯವರು ಸುಮ್ಮನಿರಲಿಲ್ಲ. "ಎದ್ದು ಓಡಾಡಿದ್ರೆ ತಾನೆ ದಮ್ಮು ಹತ್ತೋದು? ತೋಟದ ಕಡೆ ಹೋಗೋದೇ ಬಿಟ್ಟಾರೆ. ಸ್ನಾನದ ನೀರೂ ನಾನೇ ತೋಡಿ ಕೊಡ್ತೀನಿ."

ಅಲ್ಲಿದೆ ನೋಡಿ ವಿಷಯ. ಡಾಕ್ಟರು ಚೀಟಿಯಲ್ಲಿ ಎನ್‌ವೈಎಚ್‌ಎ ಕ್ಲಾಸ್ 1ರಿಂದ 4ರವರೆಗೆ ಏನೋ ಒಂದು ಬರೆದಿರುತ್ತಾರೆ. ಎಷ್ಟು ಕೆಲಸಕ್ಕೆ ದಮ್ಮು, ಸುಸ್ತು ಬರುತ್ತೆ ಅಂತ ನೋಡಿ ಕೊಡುವ ದರ್ಜೆ ಅದು, 4 ಅಂದರೆ ಎಲ್ಲಕ್ಕಿಂತ ಜೋರು. ಆ ದರ್ಜೆ ಬಹುಪಾಲು ರೋಗಿ ಹೇಳಿದ್ದರ ಮೇಲೆ ನಿಂತಿರುತ್ತದೆ. ದಮ್ಮು ಬರಿಸುವ ಕೆಲಸವನ್ನೇ ಬಿಟ್ಟವರಿಗೆ ಕಾಗದದ ಮೇಲೆ ಕಾಯಿಲೆ ಕಡಿಮೆ! ಹಾಗಾಗಿ ಈಗ ನಾನು ಮೊದಲು ಕೇಳುವುದು ಬೇರೆ: ಹೋದ ವರ್ಷ ಮಾಡ್ತಿದ್ದು ಈ ವರ್ಷ ಬಿಟ್ಟಿರೋ ಕೆಲಸ ಯಾವುದು? ರಾತ್ರಿ ಎಷ್ಟು ದಿಂಬು ಇಟ್ಟುಕೊಂಡು ಮಲಗ್ತೀರಿ? (ಅಂಗಾತ ಮಲಗಿದರೆ ದಮ್ಮು ಹತ್ತುವವರು ದಿಂಬು ಏರಿಸುತ್ತಾ ಹೋಗುತ್ತಾರೆ.) ಆಮೇಲೆ ನಡೆಸಿ ನೋಡುತ್ತೇನೆ.

ಆರು ನಿಮಿಷದ ನಡಿಗೆ ಪರೀಕ್ಷೆಗೆ ಬೇಕಾಗುವುದು 30 ಮೀಟರಿನ ಸಮತಟ್ಟಾದ ಕಾರಿಡಾರ್, ಗಡಿಯಾರ, ಒಂದು ಕುರ್ಚಿ. ಆರು ನಿಮಿಷದಲ್ಲಿ ಎಷ್ಟು ದೂರ ಆಗುತ್ತೋ ಅಷ್ಟು. ನಿಂತು ಸುಧಾರಿಸಿಕೊಳ್ಳಬಹುದು, ಗಡಿಯಾರ ಮಾತ್ರ ನಿಲ್ಲುವುದಿಲ್ಲ. ನಾವು ಜೊತೆಗೆ ನಡೆಯಬಾರದು, ನಮ್ಮ ವೇಗಕ್ಕೆ ಅವರು ಬಂದುಬಿಡುತ್ತಾರೆ. (ಮಗನನ್ನೂ ಹೊರಗೆ ಕೂರಿಸಬೇಕು. ಇಲ್ಲದಿದ್ರೆ "ಬೇಗ ಬೇಗ ನಡಿಯಪ್ಪಾ" ಶುರು.) ಆ ಯಜಮಾನರು ಎರಡನೇ ಸುತ್ತಿಗೆ ಕಿಟಕಿ ಹತ್ತಿರ ನಿಂತು ಜೇಬಿಂದ ಮೊಬೈಲ್ ತೆಗೆದರು. ಪರದೆ ಕಪ್ಪಗಿತ್ತು. ಹೆಗಲು ಮಾತ್ರ ಮೇಲೆ ಕೆಳಗೆ ಆಗುತ್ತಿತ್ತು. ಅವರು ನಡೆದ ದೂರ 300 ಮೀಟರ್ ಮುಟ್ಟಲಿಲ್ಲ. ಅದಕ್ಕಿಂತ ಕಡಿಮೆ ಬಂದರೆ ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಉಲ್ಟಾ ಕೇಸೂ ಇದೆ. ಚೆನ್ನಾಗಿ ನಡೆಯುತ್ತಾರೆ, ಆದರೆ ಮೆಷಿನ್ ನಿಂತುಹೋದರೆ ಅನ್ನೋ ಹೆದರಿಕೆಗೆ ಸಣ್ಣ ಸುಸ್ತೂ ದೊಡ್ಡದಾಗಿ ಕಾಣುತ್ತದೆ. ಅಂಥವರಿಗೆ ನಮ್ಮ ಕಣ್ಣೆದುರು ನಡೆಸುವುದೇ ಔಷಧಿ.

"ಬ್ಯಾಟರಿ ಇದ್ಯಲ್ಲ, ಇನ್ನು ವ್ಯಾಯಾಮ ಯಾಕೆ?" ಅಂತ ಕೇಳುವವರು ಬಹಳ. ಹಾರ್ಟ್ ಫೇಲ್ಯೂರ್‌ಗೆ ಹಾಕುವ ಸಿಆರ್‌ಟಿ ಅನ್ನುವ ಪೇಸ್‌ಮೇಕರ್‌ಗೆ ಸಾಮಾನ್ಯವಾಗಿ ಮೂರು ತಂತಿ. ಹೃದಯದ ಎಡ ಬಲ ಕೋಣೆಗಳು ಹಿಂದೆ ಮುಂದೆ ಬಡಿಯುತ್ತಿದ್ದರೆ ಅದು ಒಟ್ಟಿಗೆ ಬಡಿಸುತ್ತದೆ. ತಿಂಗಳುಗಟ್ಟಲೆ ಕೂತು ಸೊರಗಿದ ತೊಡೆಯ ಸ್ನಾಯುವಿಗೆ ಯಾವ ತಂತಿಯೂ ಹೋಗಿರುವುದಿಲ್ಲ. ಅದನ್ನು ನಡೆದೇ ಬೆಳೆಸಬೇಕು. 2009ರಲ್ಲಿ ಫಲಿತಾಂಶ ಬಂದ ಎಚ್‌ಎಫ್ ಆ್ಯಕ್ಷನ್ ಅಧ್ಯಯನದಲ್ಲಿ 2,331 ಹಾರ್ಟ್ ಫೇಲ್ಯೂರ್ ರೋಗಿಗಳಿದ್ದರು. ವ್ಯಾಯಾಮದಿಂದ ಅಪಾಯ ಹೆಚ್ಚಲಿಲ್ಲ, ದಿನನಿತ್ಯದ ಬದುಕು ಸ್ವಲ್ಪ ಹಗುರಾಯಿತು. ಸ್ವಲ್ಪವೇ, ಪವಾಡ ಏನಿಲ್ಲ.

ಆದರೆ ಇವರಿಗೆ ನಾಡಿ ಎಣಿಸಿ ವೇಗ ಹೇಳುವುದು ಕಷ್ಟ. ಬೀಟಾ ಬ್ಲಾಕರ್ ಮಾತ್ರೆ ಬಡಿತವನ್ನು ಹಿಡಿದಿಡುತ್ತದೆ, ಮೆಷಿನ್‌ಗೂ ತನ್ನದೇ ಮಿತಿ ಇರುತ್ತದೆ. ಹಲವು ಪೇಸ್‌ಮೇಕರ್‌ಗಳು ಮೈ ಅಲುಗಾಡುವುದನ್ನು ಗುರುತಿಸಿ ಬಡಿತ ಏರಿಸುತ್ತವೆ. ನಿಂತಲ್ಲೇ ತುಳಿಯುವ ಸೈಕಲ್ ಮೇಲೆ ಎದೆ ಅಷ್ಟು ಅಲುಗುವುದಿಲ್ಲ. ಕಾಲು ಜೋರಾಗಿ ತುಳಿಯುತ್ತಿದ್ದರೂ ಬಡಿತ ಏರದೆ ಸುಸ್ತು ಹೊಡೆಯಬಹುದು. ಅದಕ್ಕೇ ನನಗೆ ನಡಿಗೆಯೇ ಇಷ್ಟ. ಕುಂದುವಾಡ ಕೆರೆ ದಂಡೆಗೆ ಬೆಳಗ್ಗೆ ಹೋಗಿ ಅನ್ನುತ್ತೇನೆ, ಜೊತೆಗೊಬ್ಬರು ಇರಲಿ. ಡಿಫಿಬ್ರಿಲೇಟರ್ (ಬಡಿತ ಅಪಾಯದ ಮಟ್ಟಕ್ಕೆ ಏರಿದರೆ ಶಾಕ್ ಕೊಟ್ಟು ಸರಿಪಡಿಸುವ ಸಾಧನ) ಕೂಡ ಇರುವ ಮೆಷಿನ್ ಆದರೆ, ಶಾಕ್ ಕೊಡುವ ಬಡಿತ ಎಷ್ಟಕ್ಕೆ ಇಟ್ಟಿದ್ದಾರೆ ಅಂತ ಕಾರ್ಡಿಯಾಲಜಿಸ್ಟ್ ಹತ್ತಿರ ಕೇಳದೆ ನಾನು ಯಾರನ್ನೂ ಶುರು ಮಾಡಿಸುವುದಿಲ್ಲ.

ವೇಗಕ್ಕೆ ಅಳತೆ ಮಾತು. ನಡೆಯುತ್ತಾ ಅಡಿಕೆ ರೇಟು ಹೇಳಿ ಅನ್ನುತ್ತೇನೆ. ಪೂರ್ತಿ ವಾಕ್ಯ ಬಂದರೆ ಸರಿ. "ಕ್ವಿಂಟಾಲ್‌ಗೆ..." ಅಂತ ಅರ್ಧಕ್ಕೆ ಉಸಿರು ಎಳೆದರೆ ನಿಧಾನ ಮಾಡಬೇಕು.

ಒಂದು ದಿನ ಯಜಮಾನರು ಕಾಲು ಎಳೆಯುತ್ತಾ ಬಂದರು. "ಸೋಮಾರಿತನ ಮೇಡಂ" ಅಂದರು. ಸಾಕ್ಸ್ ಸರಿಸಿದರೆ ಅಚ್ಚು ಆಳವಾಗಿ ಕೂತಿತ್ತು. ಮೂರು ದಿನದಲ್ಲಿ ತೂಕ ಎರಡು ಕೆಜಿ ಏರಿತ್ತು. ಮದುವೆ ಮನೆ ಊಟ, ಮೇಲೆ ಮಂಡಕ್ಕಿ ಮಿರ್ಚಿ, ಉಪ್ಪಿನಕಾಯಿ. ಉಪ್ಪು ನೀರು ಹಿಡಿದಿತ್ತು. ಆವತ್ತು ವ್ಯಾಯಾಮ ಬೇಡ ಅಂದು, ಕಾರ್ಡಿಯಾಲಜಿಸ್ಟ್‌ಗೆ ಫೋನ್ ಮಾಡಿ ಅಲ್ಲಿಗೇ ಕಳಿಸಿದೆ. ಈಗ ದಿನಾ ಬೆಳಗ್ಗೆ ತೂಕ ನೋಡಿ ಕ್ಯಾಲೆಂಡರ್ ಮೇಲೆ ಬರೆಯುವುದು ಅವರ ಮನೆಯವರ ಪಾಲಿಗೆ ಬಂದಿದೆ. ಯಜಮಾನರು ಬರೆದರೆ ಒಂದು ಕೆಜಿ ಕಡಿಮೆಯೇ ಬರೀತಾರಂತೆ.