ಬಂದ್ ದಿನದ ಲಾಸ್ ಎಷ್ಟು ಅಂದರೆ ಏನು ಹೇಳ್ತೀರಿ?

ಒಂದು ದಿನ ಕೆಲಸ ನಿಂತರೆ ಎಷ್ಟು ಲಾಸ್ ಅಂತ ಯಾರಾದರೂ ಕೇಳಿದರೆ, 2023ರ ಸೆಪ್ಟೆಂಬರ್ 30ರ ಮೀಟಿಂಗ್ ನೆನಪಾಗಿ ಈಗಲೂ ಮೈ ಉರಿಯುತ್ತದೆ. ಹಿಂದಿನ ದಿನ, ಶುಕ್ರವಾರ, ಕಾವೇರಿ ವಿಚಾರಕ್ಕೆ ಕರ್ನಾಟಕ ಬಂದ್. ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿರುವ ನಮ್ಮ ಪ್ಲಾಂಟ್‌ಗೆ ಮಂಡ್ಯ, ಶ್ರೀರಂಗಪಟ್ಟಣ ಕಡೆಯ ಬಸ್ಸುಗಳು ಬರಲೇ ಇಲ್ಲ. ಎ ಶಿಫ್ಟ್ ಪೂರ್ತಿ ಖಾಲಿ. ಶನಿವಾರ ನೋಡಿದರೆ ಮಂತ್ ಎಂಡ್, ಸಾಲದ್ದಕ್ಕೆ ಅರ್ಧ ವರ್ಷದ ಕ್ಲೋಸಿಂಗ್ ಬೇರೆ.

"ಹೆಡ್ ಆಫೀಸಿಗೆ ಒಂದು ಫಿಗರ್ ಕಳಿಸಬೇಕು" ಅಂದರು ಪ್ಲಾಂಟ್ ಹೆಡ್. ಫೈನಾನ್ಸ್‌ನವರು ಒಂದು ದಿನದ ಟರ್ನೋವರನ್ನೇ ಲಾಸ್ ಅಂತ ಸ್ಕ್ರೀನ್ ಮೇಲೆ ಹಾಕಿದರು. ಅಲ್ಲ ಸ್ವಾಮಿ, ಸ್ಟೀಲ್ ಸ್ಟೋರ್ಸ್‌ನಲ್ಲೇ ಬಿದ್ದಿದೆ, ಅದರ ದುಡ್ಡು ಎಲ್ಲಿಗೆ ಹೋಯಿತು? ಕಸ್ಟಮರ್ ಆರ್ಡರ್ ಕ್ಯಾನ್ಸಲ್ ಮಾಡಿಲ್ಲ, ಮಂಗಳವಾರ ಮಾಲು ಗಾಡಿ ಹತ್ತುತ್ತದೆ. ಸೆಪ್ಟೆಂಬರ್ ಬಿಲ್ಲು ಅಕ್ಟೋಬರ್‌ಗೆ ಜಾರಿತು, ಅಷ್ಟೇ ತಾನೇ.

ನಾನು ಪಿಪಿಸಿ, ಅಂದರೆ ಯಾವ ದಿನ ಯಾವ ಮಾಲು ತಯಾರಾಗಬೇಕು ಅಂತ ಪ್ಲಾನ್ ಮಾಡುವ ವಿಭಾಗ. ನನ್ನ ಎಕ್ಸೆಲ್‌ನಲ್ಲಿ ಬೇರೆ ಲೆಕ್ಕ. ಆ ದಿನದ ಸಂಬಳ ಕಟ್ ಮಾಡಲ್ಲ ಅಂತ ಯೂನಿಯನ್ ಜೊತೆ ಮೊದಲೇ ಮಾತಾಗಿತ್ತು. ಹಾಗಾಗಿ ಬಾರದವರ ಗಂಟೆಗಳನ್ನೆಲ್ಲ ಕೂಡಿಸಿ, ಸಂಬಳದ 100 ರೂಪಾಯಿಗೆ ಕಂಪನಿ ಪಾಲಿನ ಪಿಎಫ್ 12, ಇಎಸ್‌ಐ 3.25, ಬೋನಸ್ ಕನಿಷ್ಠ 8.33 ಸೇರಿಸಿ ಗುಣಿಸಿದ್ದೆ. ಫೈನಾನ್ಸ್ ಫಿಗರ್ ಮುಂದೆ ಅದು ಪುಡಿಗಾಸು. ಇದು ಸರಿ ಅಂತ ಎದೆಯುಬ್ಬಿಸಿ ಹೇಳುತ್ತಿದ್ದೆ, ಅಷ್ಟರಲ್ಲಿ ಹೀಟ್ ಟ್ರೀಟ್‌ಮೆಂಟ್ (ಸ್ಟೀಲ್ ಕಾಯಿಸಿ ಗಟ್ಟಿ ಮಾಡುವ ಕೆಲಸ) ಸೂಪರ್‌ವೈಸರ್ ಮೆಲ್ಲಗೆ, "ಸಾರ್, ಇದರಲ್ಲಿ ನನ್ನ ಫರ್ನೇಸ್ ಎಲ್ಲಿ?" ಅಂದರು. ಒಂದು ಪೀಸೂ ಒಳಗೆ ಹೋಗದೆ ಅದು ಶಿಫ್ಟ್ ಪೂರ್ತಿ ಕರೆಂಟ್ ತಿಂದಿತ್ತು. ಆರಿಸೋಕಾಗಲ್ಲ, ಮತ್ತೆ ಕಾಯಿಸೋದು ಅದಕ್ಕಿಂತ ದುಬಾರಿ. ನಾನು ಶೀಟ್ ಮೇಲೆ ಕೆಳಗೆ ಸ್ಕ್ರಾಲ್ ಮಾಡುತ್ತಾ ಕೂತೆ, ಇಲ್ಲದ ಸಾಲನ್ನು ಹುಡುಕುವ ಹಾಗೆ. ಯಾರೂ ಮಾತಾಡಲಿಲ್ಲ.

"ಯಾವುದಾದರೂ ಒಂದು ನಂಬರ್ ಹೇಳ್ರೀ" ಅಂದರು ಸಾಹೇಬರು.

ನಿಜವಾಗಿ ಕೇಳಬೇಕಾಗಿದ್ದು ಹೋದ ಕೆಲಸ ಆಮೇಲೆ ಮಾಡೋಕಾಗುತ್ತಾ, ಎಷ್ಟು ಖರ್ಚಿಗೆ ಅಂತ. ನಮ್ಮ ಟರ್ನಿಂಗ್ (ಲೇತ್ ಕೆಲಸ) ಯಾವಾಗಲೂ ಗ್ರೈಂಡಿಂಗ್‌ಗಿಂತ (ಉಜ್ಜಿ ಅಳತೆಗೆ ತರುವ ಕೆಲಸ) ಮುಂದೆ ಓಡಿ ಮಾಲು ಕೂಡಿಟ್ಟಿರುತ್ತದೆ, ಅಲ್ಲಿ ಒಂದು ಶಿಫ್ಟ್ ಹೋದರೆ ಡಿಸ್ಪ್ಯಾಚ್‌ನವರಿಗೆ ಗೊತ್ತೇ ಆಗಲ್ಲ. ಗ್ರೈಂಡಿಂಗ್ ಹಾಗಲ್ಲ, ಪ್ಲಾಂಟಿನಲ್ಲಿ ಎಲ್ಲಕ್ಕಿಂತ ನಿಧಾನದ ಜಾಗ ಅದೇ. ಅಲ್ಲಿ ಒಂದು ಗಂಟೆ ಹೋಯಿತು ಅಂದರೆ ಇಡೀ ಪ್ಲಾಂಟಿನ ಒಂದು ಗಂಟೆ ಹೋದ ಹಾಗೆ. ಸೋಮವಾರ ಗಾಂಧಿ ಜಯಂತಿ, ರಜೆ. ಉಳಿದದ್ದು ಭಾನುವಾರ ಒಂದೇ, ಅದೂ ಡಬಲ್ ಓಟಿ. ಓವರ್‌ಟೈಮ್‌ಗೆ ಎರಡು ಪಟ್ಟು ಸಂಬಳ ಅಂತ ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 59ನೇ ಸೆಕ್ಷನ್ ಹೇಳುತ್ತಿತ್ತು. ಆ ಓಟಿ, ಫರ್ನೇಸ್ ಕರೆಂಟು, ಭಾನುವಾರದ ಬಸ್ಸು, ಕ್ಯಾಂಟೀನ್: ಬಂದ್‌ನಿಂದ ಹೊಸದಾಗಿ ಕೈಬಿಟ್ಟು ಹೋದ ದುಡ್ಡು ಇಷ್ಟೇ. ಸಂಬಳ ಬಂದ್ ಆಗದಿದ್ದರೂ ಕೊಡುತ್ತಿದ್ದೆವು, ಅಲ್ವಾ?

ಇದನ್ನು ಹೇಳುವಷ್ಟರಲ್ಲಿ ಟರ್ನೋವರ್ ಫಿಗರ್ ಹೆಡ್ ಆಫೀಸಿಗೆ ಹೋಗಿಬಿಟ್ಟಿತ್ತು. ದೊಡ್ಡದಾಗಿ ಕಾಣುತ್ತದೆ, ಟಾರ್ಗೆಟ್ ತಪ್ಪಿದ್ದಕ್ಕೆ ಕಾರಣವೂ ಆಗುತ್ತದೆ.

ಅಕ್ಟೋಬರ್ ರಿವ್ಯೂನಲ್ಲಿ ಹೆಡ್ ಆಫೀಸ್ ಕೇಳಿತು: "ಅಷ್ಟು ಲಾಸ್ ಆಗಿದ್ದರೆ ಈ ತಿಂಗಳು ಡಿಸ್ಪ್ಯಾಚ್ ಹೇಗೆ ಇಷ್ಟು ಜಾಸ್ತಿ ಆಯ್ತು?" ಸಾಹೇಬರು ಆ ಮೇಲ್ ನನಗೆ ಫಾರ್ವರ್ಡ್ ಮಾಡಿದರು. ಮೇಲೆ ಒಂದೇ ಸಾಲು: "ಪಿಪಿಸಿ ಉತ್ತರ ಕೊಡಲಿ."