ಎಂಆರ್‌ಪಿ ನೋಡಿ ದುಡ್ಡು ಕೊಡಬೇಡಿ

ಮನೆ ರಿಪೇರಿಗೆ ನೀವೇ ಸಾಮಾನು ತರುತ್ತಿದ್ದೀರಾ? ವೈರು, ಸ್ವಿಚ್ಚು, ನಲ್ಲಿಗಳ ಮೇಲಿನ ಎಂಆರ್‌ಪಿಯನ್ನು ನಂಬಲೇಬೇಡಿ. ಚೌಕಾಸಿ ಶುರುವಾಗುವುದೇ ಅಲ್ಲಿಂದ. 90 ಮೀಟರ್ ವೈರ್ ಕಾಯಿಲ್ ಕೊಳ್ಳುವ ಕಂಟ್ರಾಕ್ಟರ್ ಬಾಯಿ ತೆರೆದರೆ ಮೊದಲ ಮಾತೇ "ಲಿಸ್ಟ್ ಮೇಲೆ ಎಷ್ಟು ಲೆಸ್ಸು?" ಅಂದರೆ ಕಂಪನಿಯ ದರಪಟ್ಟಿಗಿಂತ ಎಷ್ಟು ಕಡಿಮೆಗೆ ಕೊಡ್ತೀರಿ ಅಂತ. ನಾವು ಸುಮ್ನೆ ಡಬ್ಬಿ ತಿರುಗಿಸಿ ರೇಟು ಓದುತ್ತೇವೆ.

ಅಂಗಡಿಯವರದ್ದು ಪೂರ್ತಿ ತಪ್ಪು ಅನ್ನೋಕಾಗಲ್ಲ. ಕಂಟ್ರಾಕ್ಟರ್ ವರ್ಷವಿಡೀ ಮಾಲು ಎತ್ತುತ್ತಾನೆ, ನಾವು ಪೈಪು ತಿರುಗಿಸುವ ಎರಡು ಎಲ್ಬೋ ಒಯ್ದು ಅದರಲ್ಲಿ ಒಂದನ್ನು ಸೈಜ್ ಸರಿಯಿಲ್ಲ ಅಂತ ವಾಪಸ್ ತರುತ್ತೇವೆ, ಅಲ್ವಾ? ಆದರೆ ಅವನದು ಹೆಚ್ಚಾಗಿ ಸಾಲದ ಲೆಕ್ಕ. ನಾವು ಕೈಯಲ್ಲೇ ದುಡ್ಡು ಕೊಡುವವರು, ಅದನ್ನೇ ಹೇಳಿ ಲೆಸ್ಸು ಕೇಳಿ.

ಪೇಂಟಿನದು ಇನ್ನೂ ಮಜಾ. ಎಷ್ಟೋ ಕಂಪನಿಗಳ ಬಕೆಟ್‌ನಲ್ಲಿ ಪೇಂಟರ್‌ಗೆ ಅಂತಲೇ ಟೋಕನ್ ಇಲ್ಲವೇ ಕ್ಯೂಆರ್ ಕೋಡ್ ಇರುತ್ತದೆ. ದುಡ್ಡು ನಿಮ್ಮದು, ಬಹುಮಾನದ ಪಾಯಿಂಟು ಅವನದು. ಅದಕ್ಕೆ ನನಗೇನೂ ಬೇಜಾರಿಲ್ಲ, ಆದರೆ ಅವನು ಒಂದೇ ಬ್ರಾಂಡಿಗೆ ಜಾಸ್ತಿ ಹಠ ಹಿಡಿದರೆ ಒಮ್ಮೆ ಮುಚ್ಚಳ ತೆಗೆದು ನೋಡಿ.

ರೇಟು ಹೋಲಿಸುವಾಗ ಜಿಎಸ್‌ಟಿ ಸೇರಿದೆಯಾ ಅಂತಲೂ ಕೇಳಿ. ರಿಜಿಸ್ಟರ್ ಆದ ಕಂಟ್ರಾಕ್ಟರ್‌ಗೆ ಆ ತೆರಿಗೆ ಸಾಮಾನ್ಯವಾಗಿ ಲೆಕ್ಕದಲ್ಲಿ ವಜಾ ಸಿಗುತ್ತದೆ, ನಮಗೆ ಸಿಗುವುದಿಲ್ಲ.